ಹೆಸರು ನಾನು ಹೇಳುವುದಿಲ್ಲ

ಆ ಕಂದು ಗುರುತು, ಇಸ್ತ್ರಿಪೆಟ್ಟಿಗೆ ಕಚ್ಚಿದ್ದು, ಪುಟ್ಟ ದೋಣಿಯ ಆಕಾರದ್ದು, ಡ್ರೂಸಿ ಅತ್ತೆಯ ಮನೆಯ ಹಿಂದಿನ ಕೋಣೆಯ ಕಿಟಕಿಯಲ್ಲಿ ಇರಬೇಕಾದ ಜಾಲರಿ ಪರದೆ ಅದು, ಈಗ ನಮ್ಮ ಅಡುಗೆಮನೆಯ ನಡುವೆ ಒಬ್ಬ ಎತ್ತರದ ಮನುಷ್ಯನ ಮುಖದ ಮೇಲೆ ಇಳಿಬಿದ್ದಿದೆ, ಅವನು ಉಸಿರಾಡಿದಾಗೆಲ್ಲ ಒಳಗೆ ಹೋಗಿ ಹೊರಗೆ ಬರುತ್ತಿದೆ, ಮೀನಿನ ಕಿವಿರಿನ ಹಾಗೆ — ಆ ಕೋಣೆಯಲ್ಲಿ ಈ ಚಳಿಗಾಲ ಇಳಿದುಕೊಂಡಿರುವವನು ಒಬ್ಬನೇ, ಹಾಗಾಗಿ ಬಾಗಿಲು ತೆರೆದ ಕೂಡಲೇ ನನಗೆ ಗೊತ್ತಾಯಿತು, ಗೊತ್ತಾದರೇನು, ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಪ್ಪ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಾನೆ, ಆಬ್ ಮಾವ ಕಣ್ಣು ಕಿರಿದು ಮಾಡಿಕೊಂಡು ಬೂಟಿನಿಂದ ಶುರುಮಾಡಿ ಮೇಲಕ್ಕೆ ತನಿಖೆ ನಡೆಸಿದ್ದಾನೆ, ಎಡಗಾಲಿನ ಬೂಟು ಬಲಗಾಲಿಗೆ, ಬೆನ್ನಿಗೆ ದಿಂಬು ಕಟ್ಟಿ ಗೂನು, ಕೋಟಿನ ಮೇಲೆ ಹೆಂಗಸರ ಒಳಲಂಗ. ಕ್ರಿಸ್‌ಮಸ್ ಕಳೆದ ಮರುಸಂಜೆಯಿಂದ ವೇಷದವರು ಹೀಗೆಯೇ ಬರುತ್ತಾರೆ, ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡಿ ದನಿ ಬದಲಿಸಿಕೊಂಡು, ವೇಷದೋರಿಗೆ ಜಾಗ ಇದೆಯಾ ಅಂತ ಬಾಗಿಲಲ್ಲಿ ಕೇಳುತ್ತಾರೆ, ಯಾರೆಂದು ನಾವು ಸರಿಯಾಗಿ ಹೇಳಿದರೆ ಅವರು ಮುಸುಕು ತೆಗೆದು ಕೇಕು ತಿನ್ನಬೇಕು, ಹೇಳಲಾಗದಿದ್ದರೆ ಮುಸುಕಿನಲ್ಲೇ ಬಂದಹಾಗೆ ಹೊರಟುಹೋಗಬಹುದು, ಸುಳ್ಳು ಮಾತ್ರ ಹೇಳುವಂತಿಲ್ಲ, ಸರಿಯಾದ ಹೆಸರಿಗೆ ಅಲ್ಲ ಅಂದವರನ್ನು ನಮ್ಮ ಊರು ಸ್ಪೆಲ್ಲರ್ಸ್ ಕೋವ್‌ನಲ್ಲಿ ಮುಂದಿನ ವರ್ಷ ಯಾರೂ ಒಳಗೆ ಬಿಡುವುದಿಲ್ಲ. ಡ್ರೂಸಿ ಅತ್ತೆ ಬಂದ ತಕ್ಷಣವೇ ಸಿಕ್ಕಿಬಿದ್ದಳು, ಸತ್ತ ಗಂಡನ ಮಳೆಕೋಟು ಹಾಕಿ ತಲೆಗೆ ದಿಂಬಿನ ಚೀಲ ಕವುಚಿಕೊಂಡರೂ ಆ ನಗುವನ್ನು ಎಲ್ಲಿ ಮುಚ್ಚಿಡುತ್ತಾಳೆ, ಕೆಮ್ಮಿನ ಹಾಗೆ ಶುರುವಾಗಿ ಕೋಳಿಯ ಹಾಗೆ ಮುಗಿಯುವ ನಗು, ಈಗ ಕೇಕಿನ ಎರಡನೇ ತುಂಡು ಬಾಯಲ್ಲಿಟ್ಟುಕೊಂಡು, ಇವನ್ಯಾರು ಅಂತ ನಾನ್ಯಾಕೆ ಹೇಳ್ಲಿ, ದಾರೀಲಿ ಗಾಳಿಗೆ ಸಿಕ್ಕಿ ಹಾರ್ತಾ ಇದ್ದ, ಹಿಡ್ಕೊಂಡು ಬಂದೆ ಅಷ್ಟೇ, ಅನ್ನುತ್ತಿದ್ದಾಳೆ. ಅವನು ಮೊಣಕಾಲು ಎರಡನ್ನೂ ಒತ್ತಿ ಸೇರಿಸಿಕೊಂಡು ನಿಂತಿದ್ದಾನೆ. ಯಾವಾಗಲೂ ಹಾಗೆಯೇ, ಊಟಕ್ಕೆ ಕೂತರೂ ದೋಣಿ ಹತ್ತಿದರೂ, ಪಾಪ ಬಚ್ಚಲು ಎಲ್ಲಿ ಅಂತ ಕೇಳೋಕೆ ನಾಚ್ಕೋತಾನೇನೋ ಅಂತ ಅತ್ತೆ ಮೊದಲ ದಿನ ಅಮ್ಮನ ಕಿವಿಯಲ್ಲಿ ಅಂದಿದ್ದಳು, ಅಮ್ಮ ನಕ್ಕಿದ್ದಳು, ನಾನೂ ನಕ್ಕಿದ್ದೆ, ಆಗ ನನಗಿನ್ನೂ ಆ ಮೊಣಕಾಲಿನ ಕಥೆ ಗೊತ್ತಿರಲಿಲ್ಲ.

ವಾರೆನ್ ಅಂತೆ. ಕಡಲಬಾತು ಎಣಿಸಲು ಬಂದವನಂತೆ. ಕೊರಳಲ್ಲಿ ಹೊಸ ದುರ್ಬೀನು, ಕೆನ್ನೆ ತುಂಬ ಹೊಸ ಗಡ್ಡ, ಅದರ ಮೇಲೆ ಕೈ ಆಡಿಸುವಾಗಲೆಲ್ಲ ಬೇರೆಯವರದ್ದನ್ನು ಮುಟ್ಟುವ ಹಾಗೆ ಮುಟ್ಟುತ್ತಿದ್ದ. ಅತ್ತೆ ತಟ್ಟೆಯಲ್ಲಿ ಟರ್ ಹಕ್ಕಿಯ ಮಾಂಸ ಬಡಿಸಿದರೆ ಇದು ಕೋಳಿಯಾ ಅಂತ ಕೇಳಿದ ಹಕ್ಕಿ ಎಣಿಸುವವನು, ಅದೇ ಜಾತಿಯ ಹಕ್ಕಿ ಬೆಳಿಗ್ಗೆ ಅವನ ಮೂಗಿನ ಮುಂದೆಯೇ ನೀರಿಗೆ ಇಳಿದಿತ್ತು, ನಾನು ಪಕ್ಕದಲ್ಲೇ ಇದ್ದೆ, ಬಾತು ಅಂತ ಬರೆದುಕೊಂಡ. ಅವತ್ತೇ ಇವನು ಸುಳ್ಳ ಅಂತ ಗೊತ್ತಾಗಿತ್ತು, ಯಾವ ಸುಳ್ಳು ಅಂತ ಮಾತ್ರ ಗೊತ್ತಾಗಲಿಲ್ಲ, ಆಮೇಲೆ ಆ ಮಧ್ಯಾಹ್ನ, ಹಿಂದಿನ ಕೊಳ ಹೆಪ್ಪುಗಟ್ಟಿ, ಕ್ಯಾಲೋವೇ ಮನೆಯ ಅಕ್ಕತಂಗಿಯರು ಐಸ್ ಹಾಕಿ ಆಟದ ಕೋಲು ಹಿಡಿದು ಮಂಜುಗಡ್ಡೆಯ ಮೇಲೆ ಇಳಿದಾಗ, ಒಬ್ಬರು ಕಡಿಮೆ, ಬಾರೋ ಬಾತಿನೋನೇ, ಓಡೋಕೆ ಬರದಿದ್ರೆ ಗೋಲಲ್ಲಾದ್ರೂ ಕಂಬದ ಹಾಗೆ ನಿಂತ್ಕೋ ಅಂತ ಕರೆದಾಗ, ಬೇಡ ಬೇಡ ಅನ್ನುತ್ತಲೇ ಹೋಗಿ ನಿಂತ, ಗೋಲು ಅಂದರೆ ಎರಡು ಹಳೆಯ ರಬ್ಬರ್ ಬೂಟುಗಳು, ನಡುವೆ ಬಾಗಿ, ಹಿಂದೆ ತಿರುಗದೆಯೇ ಕೋಲಿನಿಂದ ಎಡ ಬೂಟಿಗೆ ಟಕ್, ಬಲ ಬೂಟಿಗೆ ಟಕ್. ನನ್ನ ಕೈಯಲ್ಲಿದ್ದ ಚಹಾ ಕೈಗವಸಿನ ಮೇಲೆ ಚೆಲ್ಲಿತು. ಆ ಟಕ್ ಟಕ್ ಈ ದೇಶದಲ್ಲಿ ಯಾರಿಗೆ ಗೊತ್ತಿಲ್ಲ, ಎಷ್ಟು ಚಳಿಗಾಲ ಇದೇ ಒಲೆಯ ಪಕ್ಕ ಅಪ್ಪನ ಜೊತೆ ಟೀವಿಯಲ್ಲಿ ನೋಡಿಲ್ಲ, ಮುಖ ಯಾವಾಗಲೂ ಮುಖಕವಚದ ಹಿಂದೆ, ಹಾಗಾಗಿ ಮುಖ ಯಾರಿಗೂ ನೆನಪಿಲ್ಲ, ಆದರೆ ಆಟ ಶುರುವಾಗುವ ಮುಂಚೆ ಎಡಗಂಬಕ್ಕೊಂದು ಬಲಗಂಬಕ್ಕೊಂದು — ಎಮೆಟ್ ಗ್ರೋವ್. ನಮ್ಮ ತಂಡದ ಗೋಲ್‌ಕೀಪರ್ ಎಮೆಟ್ ಗ್ರೋವ್. ಫೈನಲ್ ಪಂದ್ಯದ ಕೊನೆಯಲ್ಲಿ, ಅಂಬೆಗಾಲಿಡುವ ಮಗುವೂ ತಡೆಯಬಹುದಾಗಿದ್ದ ಒಂದು ಸೋಮಾರಿ ಹೊಡೆತ ಯಾರ ಮೊಣಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತೋ ಆ ಎಮೆಟ್ ಗ್ರೋವ್, ನವೆಂಬರಿನ ಕಿಚ್ಚಿನ ಹಬ್ಬದಲ್ಲಿ ಅಪ್ಪ ಯಾರ ಹೆಸರಿನ ಅಂಗಿಯನ್ನು ಕೋಲಿಗೆ ಸಿಕ್ಕಿಸಿ ಸುಟ್ಟನೋ ಅವನು, ಅಂಗಿ ಉರಿಯುವಾಗ ಇಡೀ ಊರೇ ಚಪ್ಪಾಳೆ ತಟ್ಟಿತ್ತು, ಆ ನನ್ಮಗ ಏನಾದ್ರೂ ನನ್ನ ಅಡುಗೆಮನೆಗೆ ಕಾಲಿಟ್ರೆ ಕಾಡ್ ಮೀನಿನ ಜೊತೆ ಪೀಪಾಯಿಗೆ ಹಾಕಿ ಉಪ್ಪು ಹೊಡೀತೀನಿ ಅಂದಿದ್ದ ಅಪ್ಪ, ನಾನೂ ನಕ್ಕು ಚಪ್ಪಾಳೆ ತಟ್ಟಿದ್ದೆನೇನೋ, ಇರಲಿ.

ಅವತ್ತು ಕೊಳದಿಂದ ಮರಳುವಾಗ ಅವನು ನನ್ನ ಮುಖ ನೋಡಿದ, ಗೊತ್ತಾಯಿತಾ ಅನ್ನುವ ನೋಟ, ನಾನು ಕೈಗವಸು ಹಿಂಡುತ್ತಾ ನಡೆದೆ, ಹೇಳುತ್ತಾನೆ, ಇವತ್ತಲ್ಲದಿದ್ದರೆ ನಾಳೆ ತಾನಾಗಿಯೇ ಹೇಳುತ್ತಾನೆ, ನಾನೇಕೆ ಕೇಳಲಿ. ಹೇಳಲಿಲ್ಲ. ಬೇರೆ ಎಲ್ಲ ಹೇಳಿದ, ತನಗೆ ಲಿಫ್ಟಿನಲ್ಲಿ ಹೆದರಿಕೆ, ಅಜ್ಜಿ ಕಲಿಸಿದ ಹೊಲಿಗೆ ಇನ್ನೂ ಬರುತ್ತದೆ, ತನ್ನ ಊರಿನಲ್ಲಿ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಾನೆ — ಯಾಕೆ ಅಂತ ಕೇಳಿದರೆ, ಜನ ಜಾಸ್ತಿ ಅಂದ. ನಾನೂ ಮಾತಾಡಿದೆ, ಅದೇ ಆಶ್ಚರ್ಯ, ಇಡೀ ವಾಕ್ಯಗಳನ್ನು ಗಟ್ಟಿಯಾಗಿ ಮಾತಾಡಿದೆ, ಯೂನಿವರ್ಸಿಟಿಗೆ ಹೋಗಿ ಡಿಗ್ರಿ ತಂದ್ಲು, ಬಾಯಿ ಅಲ್ಲೇ ಬಿಟ್ಟು ಬಂದ್ಲು ಅಂತ ಅಪ್ಪ ಬಂದವರೆದುರೆಲ್ಲ ಹೇಳುವ ನಾನು, ದಕ್ಕೆಯ ಮೇಲಿನ ಮೀನಿನ ಶೆಡ್ಡಿನಲ್ಲಿ ಬಲೆಗಳ ರಾಶಿಯ ಮೇಲೆ ಕೂತು ಅವನಿಗೆ ನನ್ನ ದಿನಚರಿಯ ಪುಟಗಳನ್ನು ನೆನಪಿನಿಂದಲೇ ಹೇಳಿದೆ, ಅವನು ನಡುವೆ ಬಾಯಿ ಹಾಕಲಿಲ್ಲ, ಕೊನೆಗೆ ವೀನಿ ಅಂದ, ಬರೀ ನನ್ನ ಹೆಸರು, ನಂತರ ಮುತ್ತು, ಗಡ್ಡದಲ್ಲಿ ಮಂಜಿನ ಹರಳು, ತುಟಿಯಲ್ಲಿ ಉಪ್ಪು, ಹೊರಗೆ ಹೋಗುವಾಗ ತನಗೇ ತಿಳಿಯದೆ ಶೆಡ್ಡಿನ ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಎಡಕ್ಕೆ ಟಕ್, ಬಲಕ್ಕೆ ಟಕ್. ಆಗಲೂ ಹೆಸರು ಹೇಳಲಿಲ್ಲ. ಸುಳ್ಳು ಹೆಸರಿನಿಂದ ಮುತ್ತು ಕೊಟ್ಟವನು ನಿಜ ಹೆಸರಿನ ಬದುಕಿಗೆ ಹೊರಟುಹೋಗುತ್ತಾನೆ, ನಾಳೆ ಬೆಳಿಗ್ಗೆ ಫೆರಿ, ಎಮೆಟ್ ಗ್ರೋವ್‌ನನ್ನು ತಂಡ ವಾಪಸು ಕರೆದಿದೆ ಅಂತ ರೇಡಿಯೋದಲ್ಲಿ ಬಂತು, ಅದಕ್ಕೂ ಅಪ್ಪ ಬೈದ, ಅವನು ಮಾತ್ರ ನನ್ನ ಹತ್ತಿರ ಬಂದು ಬಾತಿನ ಲೆಕ್ಕ ಮುಗೀತು ವೀನಿ ಅಂದ. ಮುಗೀತಾ, ಸರಿ. ಈಗ ಅತ್ತೆಯ ಪರದೆ ಹೊದ್ದುಕೊಂಡು ನನ್ನ ಅಡುಗೆಮನೆಗೆ ಬಂದು ನಿಂತರೆ ನಾನು ಬಾಯಿ ಬಿಟ್ಟು ಬಿಡಿಸಬೇಕಾ, ಇಲ್ಲ, ಮುಖ ನಿನ್ನದು, ಹೆಸರು ನಿನ್ನದು, ಮುಸುಕು ನೀನೇ ತೆಗಿ, ಆಗದಿದ್ದರೆ ಬಂದಹಾಗೆ ಹೋಗು, ನಾನು ಇಲ್ಲೇ ಕಿಟಕಿಯ ಪಕ್ಕ ಕೂತು ಶರಬತ್ತು ಕುಡಿಯುತ್ತೇನೆ, ನೋಡು, ಕುಡಿಯುತ್ತಿದ್ದೇನೆ.

ಅಯ್ಯೋ ಇದಕ್ಕೇನು ತಲೆ ಕೆಡಿಸ್ಕೋತೀರ, ಆಬ್ ಮಾವ ತೊಡೆ ಬಡಿದುಕೊಂಡ, ಡ್ರೂಸಿ ಜೊತೆ ಬಂದಿದಾನೆ, ಡ್ರೂಸಿ ಲಂಗ ಉಟ್ಟಿದಾನೆ, ಇನ್ಯಾರು, ಅವಳ ಮನೆ ವಾರೆನ್ನು, ಬಾತಿನೋನು, ತೆಗಿಯಪ್ಪ ಮುಸುಕು, ಕೇಕ್ ತಿನ್ನು. ಅಪ್ಪನೂ, ಇಷ್ಟು ಸುಲಭಕ್ಕೆ ಸಿಕ್ಕಿದ್ರೆ ವೇಷ ಯಾಕಯ್ಯಾ ಹಾಕ್ಬೇಕು ಅಂತ ನಕ್ಕು ರಮ್ಮಿನ ಬಾಟಲಿಗೆ ಕೈ ಹಾಕಿದ. ಅಮ್ಮ ಚಾಕು ಎತ್ತಿದಳು. ಪರದೆ ಅಲುಗಿತು, ಎಡಕ್ಕೆ ಬಲಕ್ಕೆ, ಮೆಲ್ಲಗೆ — ಅಲ್ಲ. ಅಲ್ಲ ಅನ್ನುತ್ತಿದ್ದಾನೆ. ಡ್ರೂಸಿ ಅತ್ತೆಯ ಕೇಕು ಬಾಯಿಯ ಹತ್ತಿರವೇ ನಿಂತಿತು. ಏನಯ್ಯಾ ಅಲ್ಲ ಅಂತೀಯಾ, ಆಬ್ ಮಾವ ಎದ್ದೇಬಿಟ್ಟ, ಆಟದಲ್ಲಿ ಮೋಸ ಮಾಡ್ತೀಯಾ, ಹೊರಗಿನೋರಿಗೆ ವೇಷ ಕಟ್ಟಿದ್ರೆ ಹೀಗೇ ಆಗೋದು, ಇನ್ನೊಂದ್ಸಲ ಕೇಳ್ತೀನಿ, ನೀನು ವಾರೆನ್ ಹೌದೋ ಅಲ್ವೋ. ಒಳಗೆಳೆದ ಉಸಿರಿನಲ್ಲಿ, ವೇಷದವರ ಒಡಕು ದನಿಯಲ್ಲಿ, ಅಲ್ಲ, ಅಂದ, ಪರದೆಯ ಮುಖ ಮಾವನ ಕಡೆಗಿಲ್ಲ, ಅಪ್ಪನ ಕಡೆಗಿಲ್ಲ, ಕಿಟಕಿಯ ಕಡೆಗಿದೆ, ನನ್ನ ಕಡೆಗೆ, ಜಾಲರಿ ಒಳಗೆ ಹೊರಗೆ ಒಳಗೆ. ಅತ್ತೆಗೆ ಇದು ಮೋಸ, ಮಾವನಿಗೆ ಮೋಸ, ನನಗೆ ಮಾತ್ರ — ಇವನು ಆಟದ ನಿಯಮವನ್ನು ಸರಿಯಾಗಿಯೇ ಕಲಿತಿದ್ದಾನೆ, ನಾವು ಹಕ್ಕಿ ನೋಡುವ ನೆಪದಲ್ಲಿ ಅಷ್ಟು ಹೊತ್ತು ಕೂತಿದ್ದಾಗ ನಾನೇ ಕಲಿಸಿದ್ದು, ಸುಳ್ಳು ಹೇಳುವ ಹಾಗಿಲ್ಲ ವಾರೆನ್, ಇಲ್ಲಿ ವರ್ಷವಿಡೀ ಹೇಳಿದರೂ ಪರವಾಗಿಲ್ಲ, ಮುಸುಕು ಹಾಕಿಕೊಂಡಾಗ ಹೇಳುವ ಹಾಗಿಲ್ಲ ಅಂದಿದ್ದೆ. ಈಗ ಸುಳ್ಳು ಹೇಳುತ್ತಿಲ್ಲ. ವಾರೆನ್ ಅಲ್ಲ ಅನ್ನುತ್ತಿದ್ದಾನೆ. ಅಂಗಿ ಸುಟ್ಟವನ ಮನೆಗೆ ತಾನೇ ನಡೆದು ಬಂದು, ಗೂನು ಕಟ್ಟಿಕೊಂಡು, ಲಂಗ ಉಟ್ಟುಕೊಂಡು, ತಿಳಿದವಳು ಒಬ್ಬಳೇ, ಅವಳೇ ಹೇಳಲಿ ಅಂತ ನಿಂತಿದ್ದಾನೆ, ಹೇಳದಿದ್ದರೆ ನಾಳೆ ಫೆರಿ ಹತ್ತುವುದು ಯಾರು, ಅದೂ ವಾರೆನ್ನೇ, ಸುಮ್ಮನೆ ಒಬ್ಬ ಬಾತಿನವನು. ಹಾಗಾದ್ರೆ ಸರಿ, ಹೋಗ್ಲಿ ಬಿಡು ಹೆಜ್, ಬಾಗಿಲು ತೆಗಿ, ಹೊರಗೆ ಹಾಕೋಣ ಈ ಮೋಸಗಾರನ್ನ, ಮಾವ ಅಪ್ಪನಿಗೆ ಅನ್ನುತ್ತಿದ್ದಾನೆ, ಅಪ್ಪ ಎದ್ದು ಚಿಲಕಕ್ಕೆ ಕೈ ಹಾಕಿದ್ದಾನೆ, ತಣ್ಣನೆಯ ಗಾಳಿ ಕಾಲಿಗೆ ತಾಗಿತು, ಅವನು ತಿರುಗುತ್ತಿದ್ದಾನೆ, ಬೂಟು ಅದಲುಬದಲಾಗಿ ಎಡವುತ್ತ —

ಎಮೆಟ್ ಗ್ರೋವ್. ಯಾರ ದನಿ ಅದು, ನನ್ನದು, ಅಡುಗೆಮನೆಯ ತಗಡಿನ ತಟ್ಟೆಗಳೆಲ್ಲ ಕೇಳಿಸಿಕೊಂಡಷ್ಟು ಗಟ್ಟಿ, ನಾನು ನಿಂತಿದ್ದೇನೆ, ಶರಬತ್ತು ನೆಲದ ಮೇಲೆ. ಏನಂದೆ, ಅಪ್ಪ ಕೇಳಿದ. ಎಮೆಟ್ ಗ್ರೋವ್ ಅಂದೆ ಅಪ್ಪ, ನೀನು ಸುಟ್ಟೆಯಲ್ಲ, ಆ ಅಂಗಿಯೋನು. ಆಬ್ ಮಾವ ನಕ್ಕ, ಬಾಯಿ ಬಿಟ್ಟಿದ್ದೂ ಬಿಟ್ಲು, ತಮಾಷೆ ಮಾಡೋಕೆ ಬಿಟ್ಲು ನೋಡು, ಅಪ್ಪ ನಗಲಿಲ್ಲ, ಅಪ್ಪನಿಗೆ ನನ್ನ ತಮಾಷೆ ಗೊತ್ತು, ನಾನು ತಮಾಷೆ ಮಾಡುವುದಿಲ್ಲ. ಅವನಿಗಿಲ್ಲಿ ಪೀಪಾಯಿ ಇದೆ ಅಂತ ಹೇಳಿದ್ದೆ, ನೆನಪಿದೆಯಾ ವೀನಿ, ಅಂದ. ನೆನಪಿದೆ, ಪೀಪಾಯಿ ದೊಡ್ಡದು ನೋಡು, ಅವನ ಜೊತೆ ನಾನೂ ಹಿಡೀತೀನಿ, ಉಪ್ಪು ಹೊಡಿ ಇಬ್ಬರಿಗೂ, ಇಲ್ಲಾ ಅಂದ್ರೆ ನಾಳೆ ಫೆರೀಲಿ ಇಬ್ಬರೂ ಹೋಗ್ತೀವಿ, ಅವನು ನನ್ನೋನು — ಅಂದೆನಾ, ಅಂದೆ, ಡ್ರೂಸಿ ಅತ್ತೆ ಕೆಮ್ಮಿನಿಂದ ಶುರುಮಾಡಿ ಕೋಳಿಯವರೆಗೆ ಹೋಗದೆ ನಡುವೆಯೇ ನಿಂತಳು, ಕಿವಿ ಸುಡುತ್ತಿದೆ, ಸುಡಲಿ, ಹೇಳಿದ್ದು ಸರಿಯೋ ತಪ್ಪೋ ಮೊದಲು ಅವನು ಮುಸುಕು ತೆಗೀಲಿ, ಆಮೇಲೆ ಬೈಯುವಿಯಂತೆ, ಅದೇ ತಾನೇ ನಿಯಮ. ಅಮ್ಮ ಕೇಕಿನ ದಪ್ಪನೆಯ ತುಂಡು ಕತ್ತರಿಸಿ ತಟ್ಟೆಗೆ ಹಾಕುತ್ತಿದ್ದಾಳೆ. ತೆಗಿಯೋ ಹಾಗಾದ್ರೆ, ಅಪ್ಪನ ದನಿ ಗೊರಗೊರ, ತೆಗಿ ನೋಡೋಣ, ಕೈ ಇನ್ನೂ ಚಿಲಕದ ಮೇಲೆ, ಬಾಗಿಲು ಅರ್ಧ ತೆರೆದು ಹಿಮ ಒಳಗೆ ಬರುತ್ತಿದೆ, ಅವನು ಮುಸುಕಿಗೆ ಕೈ ಹಾಕಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದ, ಬಾಗಿಲ ಚೌಕಟ್ಟಿನ ನಡುವೆ ನಿಂತ, ಕೈಗವಸು ಕಳಚಿದ, ಮೊಣಕಾಲು ತುಸು ಬಗ್ಗಿಸಿದ, ಅಗಲಿಸಿದ, ಮೊದಲ ಸಲ ಅಗಲಿಸಿದ, ಅಪ್ಪನ ಕೈ ಚಿಲಕದಿಂದ ಜಾರಿತು, ಹಿಂದೆ ತಿರುಗದೆಯೇ ಬೆರಳ ಗೆಣ್ಣಿನಿಂದ ಎಡಗಂಬಕ್ಕೆ ಟಕ್, ಬಲಗಂಬಕ್ಕೆ —