ನಾಲ್ಕನೇ ಸಾಲಿನ ಮಸಿ

ಮಸಿಯ ಗೂಡಿನ ಬಾಗಿಲಿಗೆ ಕೆಂಪು ಚೀಟಿ ಕಟ್ಟಿದವಳು ಅಕ್ಕನೇ. ಆ ಕೆಲಸ ಅವಳದೇ ಆಗಿತ್ತು.

ನಾಯಿಗಳ ಆ ಆಶ್ರಯದಲ್ಲಿ ಗೂಡುಗಳು ನಾಲ್ಕು ಸಾಲು. ಮೊದಲನೆಯದರಲ್ಲಿ ಮರಿಗಳು. ಅವು ಬಂದ ವಾರದಲ್ಲೇ ಯಾರದಾದರೂ ಮಡಿಲು ಸೇರುತ್ತಿದ್ದವು. ಎರಡು ಮತ್ತು ಮೂರನೇ ಸಾಲಿನಲ್ಲಿ ದೊಡ್ಡವು. ಆರು ತಿಂಗಳಾದರೂ ಯಾರೂ ಕೇಳದವು ನಾಲ್ಕನೇ ಸಾಲಿಗೆ ಹೋಗುತ್ತಿದ್ದವು. ಅಲ್ಲಿಯೂ ಜಾಗ ಸಾಲದೆ ಬಂದಾಗ ಕೆಂಪು ಚೀಟಿ. ಚೀಟಿ ಬಿದ್ದ ಮೇಲೆ ಉಳಿಯುವುದು ಎರಡು ಶನಿವಾರ. ಅದು ಮುಗಿದು ಬರುವ ಗುರುವಾರ ಡಾಕ್ಟರು ಸೂಜಿಯ ಡಬ್ಬಿ ಹಿಡಿದು ಬರುತ್ತಿದ್ದರು.

ಮಸಿಗೆ ಆರು ವರ್ಷ. ಮೈಯೆಲ್ಲ ಕಪ್ಪು, ಎಡಗಣ್ಣಿನಲ್ಲಿ ಹಾಲಿನಂಥ ಪೊರೆ. ಫೋಟೋ ತೆಗೆದರೆ ಕಾಣುತ್ತಿದ್ದುದು ಒಂದು ಕಪ್ಪು ಮುದ್ದೆ, ಅದರ ನಡುವೆ ನಾಲಗೆ. ಆದರೆ ಅದೇನೂ ದೊಡ್ಡ ಕುಂದಾಗಿರಲಿಲ್ಲ. ಹಿಂದಿನ ವರ್ಷ ಮೂರು ಕಾಲಿನ ನಾಯಿಗೆ ಮನೆ ಸಿಕ್ಕಿತ್ತು. ನೋಡಿದವರು ಅತ್ತುಬಿಟ್ಟು ಕರೆದುಕೊಂಡು ಹೋಗಿದ್ದರು. ಮಸಿಯ ಕುಂದು ಬೇರೆ.

ಶನಿವಾರ ನಾಯಿ ಕೇಳಿಕೊಂಡು ಬಂದವರನ್ನು ಅಂಗಳದ ಸಿಮೆಂಟ್ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಕೈಗೊಂದು ಉದ್ದನೆಯ ಅರ್ಜಿ ಕೊಡುತ್ತಿದ್ದರು. ನಾಯಿಯನ್ನು ಕರೆತಂದವರು ಅಂಗಳದ ನಡುವೆ ಹಗ್ಗ ಬಿಟ್ಟು, ಗೋಡೆಗೆ ಒರಗಿ ತುಟಿ ಹೊಲಿದುಕೊಂಡು ನಿಲ್ಲಬೇಕು. ನಾಯಿ ತಾನಾಗಿ ಬೆಂಚಿನ ಕಡೆ ಹೋದರೆ ಮನೆ, ಹೋಗದಿದ್ದರೆ ಗೂಡು. ಇದು ಆಶ್ರಯ ನಡೆಸುವ ಮೇಡಂ ಮಾಡಿದ ನಿಯಮ. ತಾನಾಗಿ ಹೋಗದ ನಾಯಿಯನ್ನು ಕಳಿಸಿದರೆ ವಾರದೊಳಗೆ ವಾಪಸ್ ಬರುತ್ತದೆ ಎನ್ನುವುದು ಅವರ ಅನುಭವ.

ಮಸಿ ಬೆಂಚಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹಗ್ಗ ಬಿಟ್ಟ ಕೂಡಲೇ ನೆಟ್ಟಗೆ ಗೋಡೆಯ ಬಳಿ ಬಂದು ಅಕ್ಕನ ರಬ್ಬರ್ ಬೂಟುಗಳ ಮೇಲೆ ಕುಂಡೆ ಊರಿ ಕುಳಿತುಬಿಡುತ್ತಿತ್ತು.

ಅಕ್ಕನಿಗೆ ನಲವತ್ತು ತುಂಬಿರಲಿಲ್ಲ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಡಾಕ್ಟರೂ ಅಕ್ಕ ಎಂದೇ ಕರೆಯುತ್ತಿದ್ದರು. ಮಸಿ ಬಂದಾಗ ಅದಕ್ಕೆ ಮೈತುಂಬ ಹುಣ್ಣು. ಎರಡು ತಿಂಗಳು ಮುಲಾಮು ಸವರಿ, ಬೇಯಿಸಿದ ಲಿವರನ್ನು ಬೆರಳಲ್ಲಿ ಹಿಸುಕಿ ತಿನ್ನಿಸಿ ಬದುಕಿಸಿದವಳು ಅವಳು. ಅದರ ಫಲ ಈಗ ಬೂಟಿನ ಮೇಲೆ ಕೂತಿತ್ತು.

ಚೀಟಿ ಬಿದ್ದ ಮೊದಲ ಶನಿವಾರ ಕನ್ನಡಕದ ಹೆಂಗಸೊಬ್ಬಳು ಮಗಳ ಜೊತೆ ಬಂದಳು. ಐದು ನಿಮಿಷ ಕರೆದರು, ಚಪ್ಪಾಳೆ ತಟ್ಟಿದರು, ಬಿಸ್ಕತ್ತು ತೋರಿಸಿದರು. ಮಸಿ ಅಕ್ಕನ ಮೊಣಕಾಲಿಗೆ ತಲೆ ಆನಿಸಿ ಆಕಳಿಸಿತು.

"ಅಮ್ಮಾ, ಇದು ಅವರದೇ ನಾಯಿ ಕಣಮ್ಮ," ಎಂದಳು ಮಗಳು.

"ಮತ್ತೆ ನಮ್ಮನ್ಯಾಕೆ ಕೂರಿಸಿದ್ದಾರೆ ಇಲ್ಲಿ, ಇವರಿಬ್ಬರ ಮುದ್ದಾಟ ನೋಡೋಕಾ?" ಎಂದು ಹೆಂಗಸು ಎದ್ದಳು. "ಏನಮ್ಮ, ಅಷ್ಟೊಂದು ಹಚ್ಕೊಂಡಿದ್ರೆ ನೀವೇ ಇಟ್ಕೊಳ್ಳಿ. ಊರವರ ಹೊತ್ತು ಯಾಕೆ ಹಾಳು ಮಾಡ್ತೀರ?"

ಮಸಿಯನ್ನು ನೋಡಿ ಬಿಟ್ಟುಹೋದವರಲ್ಲಿ ಅವಳು ಏಳನೆಯವಳು. ಬೇರೆ ಉಪಾಯಗಳೆಲ್ಲ ಮುಗಿದಿದ್ದವು. ಒಮ್ಮೆ ಬೇರೆಯವರ ಕೈಗೆ ಹಗ್ಗ ಕೊಟ್ಟು ಅಕ್ಕ ಉಗ್ರಾಣದಲ್ಲಿ ಅಡಗಿ ಕೂತಿದ್ದಳು. ಮಸಿ ಉಗ್ರಾಣದ ಬಾಗಿಲಿಗೆ ಮೂಗು ಒತ್ತಿ ಊಳಿಟ್ಟಿತ್ತು. ಅವಳು ರಜೆ ಹಾಕಿದ ದಿನ ಗೋಡೆಗೆ ಮುಖ ಮಾಡಿ ಮಲಗಿತ್ತು. ಬಂದವರು ಕಾಯಿಲೆ ನಾಯಿ ಎಂದು ಹೊರಟುಹೋಗಿದ್ದರು.

ಇನ್ನು ಉಳಿದದ್ದು ಆ ಹೆಂಗಸು ಹೇಳಿದ ದಾರಿಯೇ. ಅವತ್ತು ಸಂಜೆ ಅಕ್ಕ ಮನೆಯಲ್ಲಿ ಬಾಯಿ ಬಿಟ್ಟಳು. ಮನೆ ಎಂದರೆ ಅಣ್ಣನದು, ಅಂದರೆ ಅತ್ತಿಗೆಯದು.

"ಒಂದೇ ನಾಯಿ ಅತ್ತಿಗೆ. ಹಿತ್ತಿಲಲ್ಲಿ ಕಟ್ಟಿರ್ತೀನಿ. ಒಳಗೆ ಬಿಡಲ್ಲ."

ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೀನು ಬಂದ ಕೂಡ್ಲೇ ಬಟ್ಟೆ ಬದಲಾಯಿಸದಿದ್ರೆ ನನ್ನ ಮಗಳಿಗೆ ಉಬ್ಬಸ ಶುರುವಾಗುತ್ತೆ. ನಿನ್ನ ಮೈಮೇಲಿನ ಕೂದಲಿಗೇ ಈ ಪಾಡು, ಇನ್ನು ನಾಯಿನೇ ಬಂದ್ರೆ? ನಿನ್ನನ್ನ ಇಟ್ಕೊಂಡಿದ್ದೀವಲ್ಲ, ಸಾಲದಾ?"

ಅಕ್ಕ ಅಣ್ಣನ ಮುಖ ನೋಡಿದಳು. ಅಣ್ಣ ತಟ್ಟೆಯಲ್ಲಿ ಏನೋ ಕಳೆದುಕೊಂಡವನಂತೆ ಹುಡುಕುತ್ತಿದ್ದ.

ಬುದ್ಧಿ ಹೇಳಿದವನು ಪೈಪು. ಗೂಡುಗಳಿಗೆ ನೀರು ಬಿಟ್ಟು ತೊಳೆಯುವವನು, ಹೆಗಲ ಮೇಲೆ ಸದಾ ಪೈಪಿನ ಸುರುಳಿ, ಹಾಗಾಗಿ ಆ ಹೆಸರು. ಐವತ್ತೈದು ದಾಟಿದ ಆಸಾಮಿ.

"ನೀನು ಸತ್ತರೆ ಅದು ಬದುಕುತ್ತೆ ಅಕ್ಕಾ."

"ಥೂ, ನಿನ್ನ ನಾಲಗೆಗಿಷ್ಟು."

"ನಿಜವಾಗಿ ಸಾಯಿ ಅಂದ್ನಾ? ಅದರ ಪಾಲಿಗೆ ಸಾಯಿ. ಮುದ್ದು ಮಾಡಿ ಕೆಡಿಸಿದೋಳು ನೀನು, ಬಡಿದು ಬಿಡಿಸೋಳೂ ನೀನೇ ಆಗ್ಬೇಕು. ಆರು ದಿನ ಚೆನ್ನಾಗಿ ಬಾರಿಸು. ಏಳನೇ ದಿನ ನಿನ್ನ ಕಂಡರೆ ಬೆಂಚಿಗೆ ಓಡುತ್ತೆ. ಊಟ ನಾನು ಹಾಕ್ತೀನಿ."

"ಶುಕ್ರವಾರ ಡಾಕ್ಟ್ರು ಮೈ ನೋಡ್ತಾರೆ. ಬಾಸುಂಡೆ ಕಂಡರೆ ಕೆಲಸ ಹೋಗುತ್ತೆ."

"ಬಾಸುಂಡೆ ಬರೋ ಹಾಗೆ ಹೊಡಿ ಅಂತ ಯಾರಂದ್ರು? ಸದ್ದು ಬರೋ ಹಾಗೆ ಹೊಡಿ."

ಆಫೀಸಿನ ಮೂಲೆಯಲ್ಲಿ ತಪ್ಪು ಅಚ್ಚಾದ ಅರ್ಜಿಗಳ ಕಟ್ಟೊಂದು ಬಿದ್ದಿತ್ತು. ಅಕ್ಕ ಅದರಿಂದ ಹತ್ತು ಹಾಳೆ ಎಳೆದು ಬಿಗಿಯಾಗಿ ಸುತ್ತಿದಳು. ತನ್ನ ಅಂಗೈಗೆ ಹೊಡೆದು ನೋಡಿಕೊಂಡಳು. ಸದ್ದು ಜೋರು, ಗುರುತಿಲ್ಲ.

ಭಾನುವಾರ ಗೂಡು ತೆರೆದಾಗ ಮಸಿ ಎಂದಿನಂತೆ ಬಂದು ಬೂಟಿನ ಮೇಲೆ ಕೂತಿತು. ಅವಳು ಅದರ ಮೂತಿಗೆ ಬಾರಿಸಿದಳು. ಮಸಿ ಕಣ್ಣು ಪಿಳಿಪಿಳಿ ಮಾಡಿತು, ಇದ್ಯಾವುದೋ ಹೊಸ ಆಟ ಎಂದುಕೊಂಡು ಬಾಲ ಅಲ್ಲಾಡಿಸಿತು. ಎರಡನೇ ಏಟಿಗೂ ಅಲ್ಲಾಡಿಸಿತು. ಐದನೆಯದಕ್ಕೆ ಬಾಲ ನಿಂತಿತು.

ಸೋಮವಾರ ದೂರದಲ್ಲಿ ಕೂತು ನೋಡಿತು. ಮಂಗಳವಾರ, ತಪ್ಪು ತನ್ನದೇ ಎಂಬಂತೆ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಬೂಟಿನ ತುದಿ ನೆಕ್ಕಿತು. ಅದಕ್ಕೇ ಅವತ್ತು ಇನ್ನೂ ನಾಲ್ಕು ಹೆಚ್ಚು ಬಿದ್ದವು. ಬುಧವಾರ ಹಾಳೆಗಳು ಹರಿದವು, ಹೊಸದಾಗಿ ಸುತ್ತಿಕೊಂಡಳು. ಗುರುವಾರ ಅವಳ ಬೂಟಿನ ಸದ್ದಿಗೇ ಮಸಿ ಎದ್ದು ಮೂಲೆ ಸೇರಿತು. ಶುಕ್ರವಾರ ಅವಳು ಬಾಗಿಲಲ್ಲಿ ನಿಂತರೆ ಮುಖ ತಿರುಗಿಸಿತು.

ಅಕ್ಕ ನಲ್ಲಿಯ ಬಳಿ ಹೋಗಿ ಮುಖ ತೊಳೆದಳು. ಒಮ್ಮೆ ತೊಳೆದರೆ ಸಾಲಲಿಲ್ಲ.

"ಗೆದ್ದೆ ಬಿಡಕ್ಕಾ," ಎಂದ ಪೈಪು.

ಮಧ್ಯಾಹ್ನ ಡಾಕ್ಟರು ಮಸಿಯ ಮೈ ತಡವಿ ನೋಡಿದರು. "ಗಾಯ ಏನಿಲ್ಲ. ತೂಕ ಸ್ವಲ್ಪ ಇಳಿದಿದೆ. ಯಾಕಕ್ಕಾ, ಹುಡುಗ ಮಂಕಾಗಿದ್ದಾನೆ?"

"ವಯಸ್ಸಾಯ್ತಲ್ಲ ಡಾಕ್ಟ್ರೇ."

ಶನಿವಾರ ಬಂದವರು ಬಸ್ ಡ್ರೈವರ್ ಮತ್ತು ಅವನ ಹೆಂಡತಿ. ಹದಿನಾಲ್ಕು ವರ್ಷ ಸಾಕಿದ ನಾಯಿ ಸತ್ತು ಎರಡು ತಿಂಗಳಾಗಿತ್ತಂತೆ. ಹೆಂಡತಿ ಬಾಗಿಲಲ್ಲೇ ಹೇಳಿದಳು: "ಮರಿ ಬೇಡ. ವಯಸ್ಸಾಗಿರೋದೇ ಕೊಡಿ, ಕರೀ ನಾಯಿ ಇದ್ದರೆ ಇನ್ನೂ ಒಳ್ಳೇದು. ನಮ್ಮದೂ ಕರೀದೇ."

ಇಷ್ಟು ವರ್ಷದಲ್ಲಿ ಕಪ್ಪು ನಾಯಿಯನ್ನು ಬಾಯಿಬಿಟ್ಟು ಕೇಳಿದವರನ್ನು ಅಕ್ಕ ಕಂಡಿರಲಿಲ್ಲ. ಮಸಿಯನ್ನು ಅಂಗಳದ ನಡುವೆ ತಂದು ಹಗ್ಗ ಬಿಟ್ಟಳು. ಗೋಡೆಗೆ ಹೋಗಿ ನಿಂತು, ಬೂಟುಗಳನ್ನು ಒಂದಕ್ಕೊಂದು ಒತ್ತಿಕೊಂಡಳು.

ಮಸಿ ಅವಳನ್ನೊಮ್ಮೆ ನೋಡಿತು. ಆಮೇಲೆ ತಿರುಗಿತು. ಬೆಂಚಿನ ಕಡೆ ಒಂದು ಹೆಜ್ಜೆ, ಇನ್ನೊಂದು. ಡ್ರೈವರನ ಹೆಂಡತಿ ಕೈಚಾಚಿ "ಬಾರೋ ನನ್ನ ರಾಜ" ಎಂದಳು. ಮಸಿಯ ಬಾಲ ತುಸು ಅಲ್ಲಾಡಿತು. ಆರು ಹೆಜ್ಜೆ. ಇನ್ನು ನಾಲ್ಕು ಹಾಕಿದ್ದರೆ ಮನೆ.

ಡ್ರೈವರ್ ಅರ್ಜಿ ತುಂಬಿರಲಿಲ್ಲ. ಕೂತಲ್ಲೇ ಅದನ್ನು ಸುರುಳಿ ಸುತ್ತಿಕೊಂಡಿದ್ದ. ಬೆಂಚಿನ ಮೇಲೆ ಕಾಯುವವರೆಲ್ಲ ಹಾಗೇ ಮಾಡುತ್ತಾರೆ. ಪ್ರತಿ ಶನಿವಾರ ಅಕ್ಕ ಗೋಡೆಗೆ ಒರಗಿ ಅದನ್ನು ನೋಡುತ್ತಲೇ ಬಂದಿದ್ದಳು. ಸುರುಳಿಗಳನ್ನು ನೋಡಿ ನೋಡಿ ಕಣ್ಣಿಗೆ ಅವು ಕಾಣುವುದೇ ನಿಂತುಹೋಗಿತ್ತು.

"ಬಾ ಮಗನೇ, ಬಾ ಬಾ," ಎಂದು ಡ್ರೈವರ್ ಖುಷಿಯಿಂದ ಸುರುಳಿಯನ್ನು ತೊಡೆಗೆ ತಟ್ಟಿದ. ಟಪ್.

ಮಸಿ ನಿಂತಲ್ಲೇ ಕುಸಿಯಿತು. ಕಾಲಡಿ ಉಚ್ಚೆ ಹರಿಯಿತು. ಡ್ರೈವರ್ "ಏನಾಯ್ತೋ?" ಎಂದು ಸುರುಳಿ ಹಿಡಿದೇ ಎದ್ದು ಬಗ್ಗಿದಾಗ ಅದು ತುಟಿ ಮೇಲೆತ್ತಿ ಹಲ್ಲು ಕಿರಿಯಿತು. ಅದರ ಅಷ್ಟೂ ಹಲ್ಲುಗಳನ್ನು ಅಕ್ಕ ನೋಡಿದ್ದು ಅದೇ ಮೊದಲು.

ಡ್ರೈವರನ ಹೆಂಡತಿಯ ಕಣ್ಣು ತುಂಬಿತು. "ಅಯ್ಯೋ, ಯಾರೋ ಬಡಿದೂ ಬಡಿದೂ ಇದರ ಜೀವ ಹಿಂಡಿದ್ದಾರೆ. ಹೊಡೆದ ಕೈಗೆ ಹುಳ ಬೀಳ!" ಎಂದು ಅಕ್ಕನ ಕಡೆ ತಿರುಗಿದಳು. "ಎಲ್ಲಿಂದ ಬಂತಮ್ಮ ಇದು? ಮುಂಚೆ ಯಾವ ಕಟುಕರ ಕೈಲಿತ್ತು?"

"ಗೊತ್ತಿಲ್ಲಮ್ಮ," ಎಂದಳು ಅಕ್ಕ.

"ಕರ್ಕೊಂಡು ಹೋಗೋಣ ಕಣ್ರೀ. ಪ್ರೀತಿ ತೋರಿಸಿದ್ರೆ ಸರಿಹೋಗುತ್ತೆ."

"ನಿನಗೆ ತಲೆ ಕೆಟ್ಟಿದ್ಯಾ? ಮನೇಲಿ ಮೊಮ್ಮಗು ಇದೆ. ಹೊಡೆತ ತಿಂದ ನಾಯಿ ಯಾವತ್ತು ಯಾರ ಮೇಲೆ ತಿರುಗುತ್ತೋ. ಬೇರೆ ತೋರಿಸಿ."

ಎರಡನೇ ಸಾಲಿನಿಂದ ಒಂದು ಕಂದು ನಾಯಿ ಬಂತು. ಬಿಟ್ಟ ಕೂಡಲೇ ಹಾರಿಹೋಗಿ ಇಬ್ಬರ ಮುಖವನ್ನೂ ನೆಕ್ಕಿತು. ಡ್ರೈವರ್ ಅರ್ಜಿಯನ್ನು ತೊಡೆಯ ಮೇಲೆ ಬಿಡಿಸಿ ಸಹಿ ಹಾಕಲು ನೋಡಿದ. ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಅಕ್ಕನೇ ಹೋಗಿ ಒಂದು ತುದಿ ಹಿಡಿದುಕೊಂಡಳು.

ಅಲ್ಲಿಂದ ನಾಲ್ಕು ದಿನ ಅವಳು ಪ್ರಾಯಶ್ಚಿತ್ತ ಮಾಡಿದಳು. ಲಿವರ್ ಬೇಯಿಸಿ ತಂದಳು. ಗೂಡಿನ ಹೊರಗೆ ನೆಲದ ಮೇಲೆ ಕೂತು ಹೆಸರು ಹಿಡಿದು ಕರೆದಳು. ಮಸಿ ಅವಳು ಎದ್ದು ಹೋದ ಮೇಲೆಯೇ ತಿನ್ನುತ್ತಿತ್ತು.

"ಆರು ದಿನದಲ್ಲಿ ಕೆಟ್ಟಿದ್ದು ನಾಲ್ಕು ದಿನದಲ್ಲಿ ಸರಿಹೋಗುತ್ತಾ?" ಎಂದ ಪೈಪು, ಗಟಾರ ತೊಳೆಯುತ್ತ.

"ನೀನು ಮಾತಾಡ್ಬೇಡ."

"ನಾನು ಹೊಡಿ ಅಂದೆ. ಅರ್ಜಿಲಿ ಹೊಡಿ ಅಂದ್ನಾ?"

ಗುರುವಾರ ಬಂತು. ಆಶ್ರಯದ ಪದ್ಧತಿಯಂತೆ ಕೊನೆಯ ಸೂಜಿ ಚುಚ್ಚುವಾಗ, ನಾಯಿ ಯಾರನ್ನು ನಂಬುತ್ತದೋ ಅವರೇ ಅದನ್ನು ಮಡಿಲಲ್ಲಿ ಹಿಡಿಯಬೇಕು. ಹೆಸರು ಮೊದಲೇ ಕಾರ್ಡಿನಲ್ಲಿ ಬರೆದಿರುತ್ತಿತ್ತು. ಮಸಿಯ ಕಾರ್ಡಿನಲ್ಲಿ ಅಕ್ಕನದೇ ಅಕ್ಷರ: 'ಹಿಡಿಯುವವರು: ಅಕ್ಕ. ಸ್ವಭಾವ: ಬಲು ಸಾಧು.' ಡಾಕ್ಟರು ಅದನ್ನು ಓದಿ ಬಾಯಿಗೆ ಕಟ್ಟುವ ಪಟ್ಟಿಯನ್ನು ತರದೆ ಬಂದರು.

ಅಕ್ಕ ಬಾಗಿಲ ಹೊರಗೆ ಬೂಟು ಬಿಚ್ಚಿ, ಬರಿಗಾಲಲ್ಲಿ, ಎರಡೂ ಅಂಗೈ ಬಿಡಿಸಿ ತೋರಿಸುತ್ತ ಒಳಗೆ ಹೋದಳು. "ಏನೂ ಇಲ್ಲ ನೋಡೋ. ನಾನು ಕಣೋ." ಮಸಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಅವಳು ಕುತ್ತಿಗೆ ಮುಟ್ಟಿದಳು. ಅದು ಮಣಿಕಟ್ಟಿನ ಮೇಲೆ, ಮೂಳೆ ಸಿಗುವ ತನಕ ಕಚ್ಚಿತು.

ಡಾಕ್ಟರು ಅವಳನ್ನು ಹೊರಗೆಳೆದರು. ಪೈಪು ಕುಣಿಕೆಯ ಕೋಲು ತಂದ. ತಂತಿಯ ಕುಣಿಕೆ ಕುತ್ತಿಗೆಗೆ ಬಿದ್ದಾಗ ಮಸಿ ಕಿರುಚಿದ್ದು ಮೊದಲ ಸಾಲಿನ ಮರಿಗಳಿಗೂ ಕೇಳಿ ಅವೆಲ್ಲ ಬೊಗಳತೊಡಗಿದವು. ಪೈಪು ಕೋಲಿನಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದ. ಬೇರೆ ನಾಯಿಗಳಿಗೆ ಎರಡು ನಿಮಿಷದ ಕೆಲಸ. ಇದಕ್ಕೆ ಸೂಜಿ ಎರಡು ಸಲ ಮುರಿದು ಕಾಲು ಗಂಟೆ ಹಿಡಿಯಿತು.

ಆಮೇಲೆ ಡಾಕ್ಟರು ಅಕ್ಕನ ಕೈಗೆ ಬ್ಯಾಂಡೇಜು ಸುತ್ತಿದರು. ಕಾರ್ಡಿನಲ್ಲಿ 'ಬಲು ಸಾಧು' ಎಂಬುದನ್ನು ಹೊಡೆದು ಹಾಕಿ, 'ಕಚ್ಚುತ್ತದೆ' ಎಂದು ಬರೆದರು.

"ಒಳ್ಳೇದೇ ಆಯ್ತು ಬಿಡಿ ಅಕ್ಕಾ," ಎಂದರು. "ಇಂಥದ್ದನ್ನ ಯಾರದೋ ಮನೆಗೆ ಕಳಿಸಿದ್ರೆ ಏನು ಗತಿ?"

ಅಕ್ಕ ತಲೆಯಾಡಿಸಿದಳು.

ಸೋಮವಾರ ಹೊಸ ನಾಯಿಯೊಂದು ಬಂತು. ಪಟ್ಟೆಪಟ್ಟೆಯ ಹೆಣ್ಣು, ಕಿವಿಯ ಹಿಂದೆ ಕೊಳೆತ ಗಾಯ. ಅಕ್ಕ ಒಂದೇ ಕೈಯಲ್ಲಿ ಅದಕ್ಕೆ ಮುಲಾಮು ಹಚ್ಚಿದಳು, ತಟ್ಟೆ ಇಟ್ಟಳು. ತಿಂದು ಮುಗಿಸಿದ ನಾಯಿ ಬಂದು ಅವಳ ಬೂಟಿನ ಮೇಲೆ ಗದ್ದ ಊರಿ ಕಣ್ಣು ಮುಚ್ಚಿತು.

ಅಕ್ಕ ಕಾಲು ಹಿಂದೆಗೆದಳು. ನಾಯಿ ಮತ್ತೆ ಬಂತು.

ಪೈಪು ನೀರು ನಿಲ್ಲಿಸಿ ನೋಡುತ್ತಿದ್ದ. ಅವಳು ಆಫೀಸಿನ ಕಡೆ ಹೋಗಲಿಲ್ಲ, ಕಾಗದ ಹುಡುಕಲಿಲ್ಲ. ಬೂಟಿನ ಮೂತಿಯಿಂದ ನಾಯಿಯ ಪಕ್ಕೆಗೆ ಒದ್ದಳು. ಜೋರಾಗಿ ಅಲ್ಲ, ಗುರುತು ಬೀಳದಷ್ಟು. ಬೆಂಚಿಗೆ ಬರುವವರು ಯಾರೂ ರಬ್ಬರ್ ಬೂಟು ಹಾಕಿಕೊಂಡು ಬರುವುದಿಲ್ಲ.