ಬಾವಿಗೆ ಉಪ್ಪು ಹಾಕಿದವರು ಯಾರು?

ಸೋಪು ನೊರೆ ಕೊಡದಿದ್ದರೆ ಬೈಸಿಕೊಳ್ಳುವವನು ಸೋಪು ಮಾರಿದವನೇ ತಾನೇ? ಸಮುದ್ರದ ಕಡೆಗೆ ಇಳಿಯುವ ಆ ಬೀದಿಯಲ್ಲಿ ಲಾಂಡ್ರಿ ನಡೆಸುತ್ತಿದ್ದ ಅಕ್ಕ ಮೊದಲು ಮಾಡಿದ್ದೂ ಅದನ್ನೇ. ಅರ್ಧ ಸವೆದ ಸೋಪನ್ನು ಅಂಗಡಿಯವನ ಮುಂದೆ ಕುಕ್ಕಿ, "ಇದೇನು ಸೋಪೋ, ಕಲ್ಲೋ?" ಎಂದು ಕೇಳಿದಳು. ಅವನು ಅದನ್ನು ತನ್ನ ಮನೆಯ ನಲ್ಲಿಯ ಕೆಳಗೆ ಹಿಡಿದು ಉಜ್ಜಿದ. ಕೈತುಂಬ ನೊರೆ ಬಂತು.

ಅಕ್ಕ ವಾಪಸು ಬಂದು ತನ್ನ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿದಳು. ನಾಲಿಗೆಗೆ ಉಪ್ಪು ತಗುಲಿತು.

ಲಾಂಡ್ರಿಗೆ ಬರುತ್ತಿದ್ದುದು ಹೆಚ್ಚಾಗಿ ಆಸ್ಪತ್ರೆಯ ಬೆಡ್‌ಶೀಟುಗಳು. ಈಚೆಗೆ ಎಷ್ಟು ಒಗೆದರೂ ಅವುಗಳ ಮಂಕು ಹೋಗುತ್ತಿರಲಿಲ್ಲ. ಒಣಗಿದ ಮೇಲೆ ರಟ್ಟಿನ ಹಾಗೆ ಬಿರುಸಾಗುತ್ತಿದ್ದವು. ಆಸ್ಪತ್ರೆಯವರು ಒಂದು ಗಂಟನ್ನು ಹಾಗೇ ಹಿಂದಕ್ಕೆ ಕಳಿಸಿ, ಹೀಗೇ ಆದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದಿದ್ದರು. ಆ ಕೆಲಸ ಕೈತಪ್ಪಿದರೆ ಗಂಡನ ಇಸ್ತ್ರಿ ಮೇಜೂ ಖಾಲಿ, ಒಲೆಯೂ ಖಾಲಿ.

"ಇದೆಲ್ಲ ಆ ಐಸ್ ಫ್ಯಾಕ್ಟರಿಯವನ ಕೆಲಸ ಕಣೇ," ಎಂದಳು ಅತ್ತೆ, ದಿಂಬಿನ ಕವರು ಮಡಚುತ್ತಾ. "ಮೇಲಿನ ಬೀದೀಲಿ ಕೂತು ಹಗಲೂ ರಾತ್ರಿ ನೀರು ಎಳೀತಾನೆ. ನಮ್ಮ ಪಾಲಿಗೆ ಉಪ್ಪೇ ಉಳಿಯೋದು."

"ನಂಗೂ ಅವನ ಮೇಲೇ ಅನುಮಾನ ಅತ್ತೆ."

ಆ ವಾರವೇ ಅಂತರ್ಜಲ ಕಚೇರಿಯ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಹೆಗಲಲ್ಲಿ ಕಂಪ್ಯೂಟರಿನ ಚೀಲ, ಕೈಯಲ್ಲಿ ಗಾಲಿಯಂಥ ಚೌಕಟ್ಟಿಗೆ ಸುತ್ತಿದ ಉದ್ದನೆಯ ಅಳತೆ ಪಟ್ಟಿ. ಬೀದಿಯ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ, ಎಷ್ಟು ಉಪ್ಪಿದೆ ಎಂದು ಅವಳು ಅಳೆಯುತ್ತಿದ್ದಳು. ಯಾವ ಮನೆಯಲ್ಲಿ ಎಷ್ಟು ಮೋಟರ್ ಓಡುತ್ತದೆ ಎಂದೂ ಕೇಳುತ್ತಿದ್ದಳು.

"ನಮ್ಮದು ಈ ಬಾವಿ ಒಂದೇ, ಮೇಡಂ," ಎಂದಳು ಅಕ್ಕ.

ಅತ್ತೆ ಸುಮ್ಮನಿರುವವಳಲ್ಲ. "ಅಳೆದು ಏನಮ್ಮಾ ಮಾಡ್ತೀಯ? ಅಳೆದರೆ ನೀರು ಸಿಹಿ ಆಗುತ್ತಾ?"

"ಆಗಲ್ಲ ಅಜ್ಜಿ. ಆದರೆ ಉಪ್ಪು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ." ಹುಡುಗಿ ಜಗಲಿಯ ಮೇಲೆ ಕೂತು ಕಂಪ್ಯೂಟರ್ ತೆರೆದಳು. "ನೋಡಿ, ಇದು ನಿಮ್ಮ ಬೀದಿ. ನೆಲವನ್ನೆಲ್ಲ ಚಿಕ್ಕ ಚಿಕ್ಕ ಚೌಕ ಮಾಡಿದ್ದೀವಿ. ಎಲ್ಲಿ ಮರಳು, ಎಲ್ಲಿ ಜೇಡಿಮಣ್ಣು, ಮಳೆ ಎಷ್ಟು ಇಂಗುತ್ತೆ, ಮೋಟರ್ ಎಷ್ಟು ಎಳೆಯುತ್ತೆ, ಎಲ್ಲಾ ಹೇಳಿಕೊಟ್ಟಿದ್ದೀವಿ. ಒಂದು ಚೌಕದ ನೀರು ಪಕ್ಕದ ಚೌಕಕ್ಕೆ ಹೇಗೆ ಹರಿಯುತ್ತೆ ಅಂತ ಇದು ಲೆಕ್ಕ ಹಾಕುತ್ತೆ. ಇದಕ್ಕೆ ಮಾದರಿ ಅಂತೀವಿ."

"ನನ್ನ ಸೊಂಟ ಯಾಕೆ ನೋಯುತ್ತೆ ಅಂತ ಡಾಕ್ಟ್ರಿಗೇ ತಿಳೀಲಿಲ್ಲ. ನೆಲದೊಳಗಿನ ನೀರು ನಿನ್ನ ಪೆಟ್ಟಿಗೆಗೆ ತಿಳಿಯುತ್ತಾ?"

ಹುಡುಗಿ ನಕ್ಕಳು. "ಪರೀಕ್ಷೆ ಮಾಡಿಬಿಡೋಣ. ನಾನು ಇನ್ನೂ ಅಳೆಯದೇ ಇರೋ ಒಂದು ಬಾವಿ ಹೇಳಿ."

"ಸ್ಕೂಲಿನ ಬಾವಿ."

ಮಾದರಿ ಒಂದು ಆಳ ಹೇಳಿತು. ಮೂವರೂ ಸ್ಕೂಲಿಗೆ ನಡೆದರು. ಪಟ್ಟಿ ಕೆಳಗಿಳಿಯಿತು; ನೀರು ತಾಗಿದ ಕೂಡಲೇ ಕೀಂಯ್ ಎಂದು ಸದ್ದು ಮಾಡಿತು. ಹೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಒಂದು ಗೇಣಿನಷ್ಟು ವ್ಯತ್ಯಾಸ. ನೀರೂ ಮಾದರಿ ಹೇಳಿದ ಹಾಗೆ ಸಿಹಿಯೇ.

ಅತ್ತೆ ಬಾವಿಯೊಳಕ್ಕೆ ಬಗ್ಗಿ ನೋಡಿದಳು. ಆಮೇಲೆ ಹುಡುಗಿಯ ಮುಖ ನೋಡಿದಳು. "ಯಾರೋ ಮೊದಲೇ ಹೇಳಿರಬೇಕು ನಿಂಗೆ. ನಮ್ಮ ಬಾವೀದು ಹೇಳು ನೋಡೋಣ."

ನಿಮ್ಮ ಬಾವಿ ಸಿಹಿಯಾಗಿರಬೇಕು ಎಂದಿತು ಮಾದರಿ. ಮನೆಗೆ ಮರಳಿ, ಉಪ್ಪು ಅಳೆಯುವ ಮೀಟರನ್ನು ಬಾವಿಯ ನೀರಿಗೆ ಅದ್ದಿದರೆ ಅಂಕಿ ಏರುತ್ತಲೇ ಹೋಯಿತು.

"ಹೋಯ್ತಲ್ಲ ನಿನ್ನ ಲೆಕ್ಕ!" ಅತ್ತೆ ಚಪ್ಪಾಳೆಯನ್ನೇ ತಟ್ಟಿದಳು.

ಹುಡುಗಿಯ ಮುಖ ಬಾಡಲಿಲ್ಲ. ಇನ್ನಷ್ಟು ಅರಳಿತು. "ಮಾದರಿ ತಪ್ಪಿತು ಅಂದ್ರೆ, ನಾನು ಅದಕ್ಕೆ ಹೇಳದೇ ಇರೋದು ಏನೋ ಇಲ್ಲೇ ಎಲ್ಲೋ ಇದೆ ಅಂತ ಅರ್ಥ. ಹತ್ತಿರದಲ್ಲೇ ಯಾರೋ ಆಳದಿಂದ ನೀರು ಎತ್ತುತ್ತಿರಬೇಕು. ಯಾರಿರಬಹುದು ಅಜ್ಜಿ?"

ಅಕ್ಕ ಬಕೆಟಿನ ಹಿಡಿಯನ್ನು ತಿರುಗಿಸುತ್ತಾ ನಿಂತಳು. ಅತ್ತೆ ಬೀದಿಯ ಆಚೀಚೆ ಕಣ್ಣಾಡಿಸಿದಳು. "ಇಲ್ಲಿ ಯಾರಿದ್ದಾರಮ್ಮ... ನಮ್ಮ ಹಿಂದಿನ ಶೆಡ್ಡಿನ ಬೋರ್ ಬಿಟ್ಟರೆ."

ಒಳಗೆ ಇಸ್ತ್ರಿ ಮಾಡುತ್ತಿದ್ದ ಗಂಡನ ಕೈ ನಿಂತಿತು.

"ಅತ್ತೆ!" ಎಂದಳು ಅಕ್ಕ.

"ಯಾಕೆ? ಅದನ್ನ ಹೇಳಬಾರದಿತ್ತಾ?" ಅತ್ತೆ ನಾಲಿಗೆ ಕಚ್ಚಿಕೊಂಡಳು.

ಅಕ್ಕನ ಮುಖ ಕಿವಿಯವರೆಗೂ ಕೆಂಪೇರಿತು. "ಬಟ್ಟೆ ಜಾಸ್ತಿ ಬರೋಕೆ ಶುರುವಾದಾಗ ಕೊರೆಸಿದ್ವಿ ಮೇಡಂ. ಹೇಳಿದ್ರೆ ಮುಚ್ಚಿಸಿಬಿಡ್ತೀರಿ ಅಂತ ಹೆದರಿಕೆ. ಬೋರ್ ನೀರನ್ನೂ ಬಾವಿಗೇ ಬಿಟ್ಕೊಳ್ತೀವಿ."

"ಮುಚ್ಚಿಸೋದು ನನ್ನ ಕೆಲಸ ಅಲ್ಲ ಅಕ್ಕ. ನಿಮ್ಮತ್ರ ನೀಲಿ ಇದೆಯಾ?"

ಬಟ್ಟೆಗೆ ಹಾಕುವ ನೀಲಿ ಲಾಂಡ್ರಿಯಲ್ಲಿ ಇಲ್ಲದೆ ಇರುತ್ತದೆಯೇ? ಹುಡುಗಿ ಒಂದು ಗಾಜಿನ ಲೋಟದಲ್ಲಿ ಗಟ್ಟಿ ಉಪ್ಪುನೀರು ಮಾಡಿ ಎರಡು ತೊಟ್ಟು ನೀಲಿ ಬೆರೆಸಿದಳು. ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ಸಿಹಿನೀರನ್ನು ಮೆಲ್ಲಗೆ ಇಳಿಯಬಿಟ್ಟಳು. ಕೆಳಗೆ ನೀಲಿ, ಮೇಲೆ ತಿಳಿ; ಎರಡೂ ಬೆರೆಯದೆ ನಿಂತವು.

"ಸಮುದ್ರದ ಹತ್ತಿರ ನೆಲದೊಳಗೂ ಹೀಗೇ. ಉಪ್ಪುನೀರು ಭಾರ, ಕೆಳಗಿರುತ್ತೆ. ಮಳೆಯ ನೀರು ಅದರ ಮೇಲೆ ತೇಲುತ್ತೆ. ಈಗ ನೀವೇ ಎಳೀರಿ ಅಜ್ಜಿ." ಅವಳು ಒಂದು ಸ್ಟ್ರಾ ಕೊಟ್ಟಳು.

ಅತ್ತೆ ಸ್ಟ್ರಾವನ್ನು ಮೇಲ್ಮಟ್ಟದಲ್ಲಿ ಹಿಡಿದು ಮೆತ್ತಗೆ ಹೀರಿದಳು. ನೀಲಿ ಅಲುಗಲಿಲ್ಲ. ಆಮೇಲೆ ತಿಳಿನೀರಿನ ಆಳಕ್ಕಿಳಿಸಿ ಜೋರಾಗಿ ಹೀರಿದಳು. ನೀಲಿ ಗೋಪುರದ ಹಾಗೆ ಎದ್ದು ಸ್ಟ್ರಾದೊಳಕ್ಕೇ ನುಗ್ಗಿತು. ಅತ್ತೆ ಥೂ ಎಂದು ಉಗುಳಿ, ಬಾಯಿ ಒರೆಸಿಕೊಂಡು, "ಇನ್ನೊಂದು ಸಲ ಮಾಡಿಕೊಡು," ಎಂದಳು.

ಅಕ್ಕ ಲೋಟವನ್ನೇ ನೋಡುತ್ತಿದ್ದಳು. "ಹಾಗಾದ್ರೆ ಉಪ್ಪು ಎತ್ತಿದ್ದು ನಾನೇನಾ?"

ಹುಡುಗಿ ಶೆಡ್ಡಿನ ಬೋರನ್ನೂ ಮಾದರಿಗೆ ಸೇರಿಸಿ ಮತ್ತೆ ಓಡಿಸಿದಳು. ಈ ಸಲ ಬಾವಿಯ ಉಪ್ಪು ಮೀಟರಿನ ಅಂಕಿಯ ಹತ್ತಿರಕ್ಕೇ ಬಂತು.

"ಐಸ್ ಫ್ಯಾಕ್ಟರಿಯವನ ಮೋಟರ್ ನಿಲ್ಲಿಸಿ ನೋಡು," ಎಂದಳು ಅತ್ತೆ. ಇನ್ನೂ ಆಸೆ ಬಿಟ್ಟಿರಲಿಲ್ಲ. ಮಾದರಿಯಲ್ಲಿ ಅದನ್ನು ನಿಲ್ಲಿಸಿದರೂ ಇಲ್ಲಿನ ಉಪ್ಪು ಹೆಚ್ಚುಕಮ್ಮಿ ಅಷ್ಟೇ ಇತ್ತು. ಅವನ ಬಾವಿ ದೂರ, ಎತ್ತರದ ಜಾಗದಲ್ಲಿ.

"ನಮ್ಮದನ್ನ ನಿಲ್ಲಿಸಿದ್ರೆ?" ಅಕ್ಕ ಕೇಳಿದಳು. ಮಳೆ ಬಂದ ಮೇಲೆ ಉಪ್ಪು ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ ಎಂದಿತು ಮಾದರಿ.

"ನಿಲ್ಲಿಸದೇ ಹೋದ್ರೆ?"

ಹುಡುಗಿ ಪರದೆಯನ್ನು ಅಕ್ಕನ ಕಡೆ ತಿರುಗಿಸಿದಳು. ಉಪ್ಪನ್ನು ತೋರಿಸುವ ಕೆಂಪು ಬಣ್ಣ ಲಾಂಡ್ರಿಯಿಂದ ಹೊರಟು, ಎರಡು ಮನೆ ದಾಟಿ, ಸ್ಕೂಲಿನ ಬಾವಿಯನ್ನು ಮುಟ್ಟಿತು.

ಅಕ್ಕನ ಮಗಳು ಓದುತ್ತಿದ್ದುದು ಅದೇ ಸ್ಕೂಲಿನಲ್ಲಿ. ಮಕ್ಕಳೆಲ್ಲ ಕುಡಿಯುವುದು ಆ ಬಾವಿಯ ನೀರನ್ನೇ.

ಬೋರ್ ನಿಲ್ಲಿಸಬೇಕು ಎನ್ನುವುದು ಸರಿ, ಆದರೆ ಅಷ್ಟು ಬಟ್ಟೆಗೆ ನೀರೆಲ್ಲಿ? ಬಾವಿಯಿಂದ ಸಣ್ಣ ಮೋಟರಿನಲ್ಲಿ ದಿನವಿಡೀ ನಿಧಾನವಾಗಿ ಎತ್ತಿ ತೊಟ್ಟಿಗೆ ತುಂಬಿಸಿಕೊಂಡರೂ ಬೇಕಾದ್ದರ ಅರ್ಧವಷ್ಟೇ ಸಿಗುತ್ತದೆ ಎಂದಿತು ಮಾದರಿ. ಉಳಿದರ್ಧದ ಚಿಂತೆಯಲ್ಲಿ ಎಲ್ಲರೂ ಕೂತಿದ್ದಾಗ ಗಂಡ ಇಸ್ತ್ರಿ ಮೇಜಿನಿಂದಲೇ ಹೇಳಿದ: "ಐಸಿನ ಡಬ್ಬಿ ಅದ್ದಿ ತೆಗೆಯೋ ನೀರನ್ನ ಅವರು ದಿನಾ ಚರಂಡಿಗೆ ಬಿಡ್ತಾರಲ್ಲ. ಚೊಕ್ಕ ನೀರು ಅದು."

ಕೇಳುವುದಕ್ಕೆ ಅಕ್ಕನೇ ಹೋಗಬೇಕಾಯಿತು. ಐಸ್ ಫ್ಯಾಕ್ಟರಿಯಣ್ಣ ರಬ್ಬರ್ ಬೂಟು ಹಾಕಿಕೊಂಡು, ಡಬ್ಬಿಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ಐಸ್ ಗಡ್ಡೆ ಸಡಿಲಿಸುತ್ತಿದ್ದ.

"ಬನ್ನಿ ಅಕ್ಕ. ನೀರು ಕುಡಿದವನು, ಉಪ್ಪು ಬಿಟ್ಟವನು ಅಂತ ನನ್ನ ಹೆಸರು ಬೀದಿಯೆಲ್ಲ ಓಡಾಡ್ತಿದೆಯಂತೆ?"

ಅಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. "ಓಡಿಸಿದ್ದು ನಾವೇ ಅಣ್ಣ. ತಪ್ಪಾಯ್ತು. ಉಪ್ಪು ಎತ್ತಿದ್ದು ನಮ್ಮ ಬೋರ್." ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಡಬ್ಬಿಯನ್ನೇ ಮರೆತ. ಕೊನೆಗೆ, "ಪೈಪು ನೀವು ಎಳೆಸ್ಕೊಳ್ಳಿ, ನೀರು ನಾನು ಬಿಡ್ತೀನಿ. ಅಂದ ಹಾಗೆ, ಆ ಮಾದರೀಲಿ ನನ್ನ ಬಾವಿ ಹೇಗಿದೆಯಂತೆ?" ಎಂದ.

ಬೋರ್ ನಿಂತಿತು. ಸೋಪಿಗೂ ಕೊನೆಯ ಜಾಲಾಟಕ್ಕೂ ಐಸ್ ಫ್ಯಾಕ್ಟರಿಯ ನೀರು, ನಡುವಿನ ಜಾಲಾಟಕ್ಕೆ ಬಾವಿಯ ನೀರು ಎಂದಾಯಿತು. ಆ ಮಳೆಗಾಲ ಮುಗಿದಾಗ ಮೀಟರಿನ ಅಂಕಿ ಇಳಿದಿತ್ತು, ಆದರೆ ಮಾದರಿ ಹೇಳಿದಷ್ಟು ಬೇಗ ಅಲ್ಲ. ಹುಡುಗಿ ಹೊಸ ಅಳತೆಗಳನ್ನು ಸೇರಿಸಿ ಮಾದರಿಯನ್ನು ತಿದ್ದಿದಳು. "ಸಿಕ್ಕ ಅಳತೆಯಷ್ಟೇ ಅದರ ಬುದ್ಧಿ ಅಜ್ಜಿ," ಎಂದಳು. ಮುಂದಿನ ಮಳೆಯ ಹೊತ್ತಿಗೆ ಅಂಕಿ ಇನ್ನೂ ಇಳಿಯಿತು. ಆಸ್ಪತ್ರೆಯ ಗಂಟುಗಳು ಎಂದಿನಂತೆ ಬರುತ್ತಿದ್ದವು. ಸ್ಕೂಲಿನ ಬಾವಿ ಸಿಹಿಯಾಗಿಯೇ ಉಳಿಯಿತು.

ಈಗ ಪ್ರತಿ ವಾರ ಬಾವಿಗೆ ಪಟ್ಟಿ ಇಳಿಸುವವಳು ಅತ್ತೆ. ಅಂಕಿಯನ್ನು ಮೊಮ್ಮಗಳಿಂದ ಕಚೇರಿಗೆ ಫೋನಿನಲ್ಲಿ ಕಳಿಸುತ್ತಾಳೆ. ಬೀದಿಯಲ್ಲಿ ಯಾರಾದರೂ "ನೀರು ಕೆಟ್ಟಿದ್ದು ಇಂಥವರಿಂದ" ಎಂದರೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೆ. "ಅಳೆದು ನೋಡಿದ್ಯಾ? ಇಲ್ವಾ? ಮತ್ತೆ ಬಾಯಿ ಮುಚ್ಚು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮ ಬಾಗಿಲಿಗೂ ಯಾರಾದರೂ ಅಳತೆ ಪಟ್ಟಿ ಹಿಡಿದು ಬಂದರೆ ಒಳಗೆ ಕರೆಯಿರಿ. ಎಷ್ಟು ಮೋಟರ್ ಇವೆಯೋ ಅಷ್ಟನ್ನೂ ಹೇಳಿ. ಒಂದನ್ನು ಬಚ್ಚಿಟ್ಟರೂ ಇಡೀ ಬೀದಿಯ ಲೆಕ್ಕ ತಪ್ಪುತ್ತದೆ. ಅವರ ಲೆಕ್ಕ ಏನು ಹೇಳಿತು ಎಂದು ಬಿಡದೆ ಕೇಳಿ. ನಂಬಿಕೆ ಬಾರದಿದ್ದರೆ ಅತ್ತೆಯಂತೆ ಪರೀಕ್ಷೆ ಮಾಡಿ. ಯಾರೂ ಬಾರದಿದ್ದರೆ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ, ನೀವೇ ಅಳೆಯಲು ಶುರು ಮಾಡಿ.

ನಿಮ್ಮ ಬಾವಿಯಲ್ಲಿ ಇವತ್ತು ನೀರು ಎಷ್ಟು ಆಳದಲ್ಲಿದೆ? ಗೊತ್ತಿಲ್ಲವೇ? ಹಾಗಾದರೆ ಇದನ್ನು ಕೆಳಗಿಟ್ಟು, ಮೊದಲು ನೋಡಿ ಬನ್ನಿ.