ತೋಳದ ಗವಿಯ ಮುಂದಿನ ಬೋರ್ಡು

"ಗವಿ ಮುಂದ ಬೋರ್ಡು ನೆಡಾಕ ಹೇಳಿದಾಂವ ಯಾಂವ? ಮೊದಲ ಅದನ್ನ ಹೇಳ್ರಿ!"

ದ್ಯಾಮಣ್ಣ ಮೇಜು ಗುದ್ದಿದ ಹೊಡೆತಕ್ಕೆ ಚಹಾದ ಕಪ್ಪುಗಳು ಕುಣಿದವು.

"ಕಾಕಾ, ಕೂಡ್ರಿ ಮೊದಲ," ಎಂದಳು ಸುಮೇಧಾ. ವಿದ್ಯಾನಗರದ ಈ ವನ್ಯಜೀವಿ ಸಂಸ್ಥೆಯ ಕಚೇರಿಯಿಂದ, ಅರಣ್ಯ ಇಲಾಖೆಯ ಜೊತೆ ಸೇರಿ ತೋಳ ಉಳಿಸುವ ಯೋಜನೆ ನಡೆಸುತ್ತಿದ್ದವಳು ಅವಳೇ. "ಇಲಾಖೆಯವರು, ನಾವು ಕೂಡೇ ಮಾಡಿದ್ದು ಅದು."

"ಇಬ್ರೂ ಕೂಡಿ ತಾಯೀನ್ನ ಓಡಿಸಿದ್ರಿ!"

ಅವನು ಕೂಡಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ. ಕುರಿ ಕಾಯುವ ಮನೆತನ ಅವನದು. ತೋಳದ ಗವಿ ಕಣ್ಣಿಗೆ ಬಿದ್ದರೆ ಅವನಪ್ಪ ಕುರಿಗಳ ಹಾದಿಯನ್ನೇ ಬದಲಿಸುತ್ತಿದ್ದ, ಹೆಂಡತಿಗೂ ಬಾಯಿ ಬಿಡುತ್ತಿರಲಿಲ್ಲ. ಇವನು ಬಿಟ್ಟಿದ್ದ. ಮೂರು ದಿನ ತನ್ನ ಜೊತೆ ಬಿಸಿಲಲ್ಲಿ ಕುಳಿತು, ತನ್ನ ಬುತ್ತಿಯ ರೊಟ್ಟಿ ತಿಂದ ಈ ಹುಡುಗಿಯನ್ನು ನಂಬಿ ಗವಿ ತೋರಿಸಿದ್ದ. ಒಳಗೆ ನಾಲ್ಕು ಮರಿಗಳಿದ್ದವು. ಯೋಜನೆಯವರು ಅವನನ್ನೇ ಗವಿಯ ಕಾವಲುಗಾರನನ್ನಾಗಿ ಮಾಡಿ ಖಾಕಿ ಜಾಕೀಟು ಕೊಟ್ಟಿದ್ದರು.

ಎಂಟೇ ದಿನದಲ್ಲಿ ಗವಿಯಿಂದ ಇಪ್ಪತ್ತು ಹೆಜ್ಜೆಗೆ ಬೋರ್ಡು ಎದ್ದಿತು: 'ಇಲ್ಲಿ ತೋಳಗಳಿವೆ, ತೊಂದರೆ ಕೊಡಬೇಡಿ.' ಮೇಲೆ ಇಲಾಖೆಯ ಮುದ್ರೆ, ಕೆಳಗೆ ಸಂಸ್ಥೆಯದು. ಭಾನುವಾರ ಹುಬ್ಬಳ್ಳಿಯಿಂದ ಬೈಕುಗಳ ಮೇಲೆ ಜನ ಬಂದು ಅದರ ಮುಂದೆ ಫೋಟೋ ತೆಗೆಸಿಕೊಂಡರು. ಮರುದಿನ ಗವಿ ಬರಿದು. ಮರಿಗಳನ್ನು ಕಚ್ಚಿಕೊಂಡು ತಾಯಿ ಜಾಗ ಬಿಟ್ಟಿತ್ತು. ಒಂದು ಮರಿ ಡಾಂಬರು ರಸ್ತೆಯ ಮೇಲೆ ಅಪ್ಪಚ್ಚಿಯಾಗಿತ್ತು.

"ಆಗಿದ್ದು ಆತು," ಎಂದ ವಲಯ ಅರಣ್ಯಾಧಿಕಾರಿ ಶಿವಯೋಗೀಶ, ಮೇಜಿನ ಮೇಲೆ ನಕ್ಷೆ ಹರವುತ್ತ. "ಸೋಮವಾರ ಬೆಂಗಳೂರಿಂದ ತಪಾಸಣಿಗೆ ಬರಾಕತ್ತಾರ. ಹೊಸಾ ಗವಿ ನಿನಗ ಗೊತ್ತೈತಿ. ಬೊಟ್ಟಿಟ್ಟು ತೋರ್ಸು."

"ಯಾಕ್ರಿ ಸಾಹೇಬ್ರ, ಈ ಸಲ ಲೈಟಿನ ಕಂಬಾನೂ ಹಾಕಸ್ತೀರೇನು?"

"ತೋರಸದಿದ್ರ ಯೋಜನಾನ ನಿಂತಹೋಗ್ತದ, ಕಾಕಾ." ಎಂದಳು ಸುಮೇಧಾ. "ಕಾಯಾವ್ರು ಯಾರೂ ಇಲ್ಲಂದ್ರ ಆ ಮೂರು ಮರಿ ಉಳೀತಾವೇನ್ರಿ?"

ಆ ಮಾತು ಅವನಿಗೆ ನಾಟಿತು. ನಾಯಿ ಬಿಡುವವರಿದ್ದಾರೆ, ವಿಷ ಇಡುವವರಿದ್ದಾರೆ. ಅವನೊಬ್ಬನೇ ಎಷ್ಟು ಕಾದಾನು? ದ್ಯಾಮಣ್ಣ ನಕ್ಷೆಯ ಮೇಲೆ ಬಾಗಿದ. ಹಳ್ಳ, ಜಾಲಿಯ ಗುಂಪು, ಅದರಾಚೆಯ ಕೊರಕಲು ಎಲ್ಲ ಗುರುತು ಸಿಕ್ಕವು. ಬೆರಳು ಮುಂದೆ ಹೋಯಿತು.

ಆಗ ಹಸಿ ಬಣ್ಣದ ವಾಸನೆ ಬಂತು. ತಿರುಗಿ ನೋಡಿದ. ಬೀರುವಿನ ಪಕ್ಕದಲ್ಲಿ ಎರಡೂ ಮುದ್ರೆಗಳಿದ್ದ ಹೊಸ ಬೋರ್ಡು ಗೋಡೆಗೆ ಒರಗಿ ನಿಂತಿತ್ತು.

"ಯವ್ವಾ," ಎಂದ ಮೆಲ್ಲಗೆ, "ಇದನ್ನ ಯಾವಾಗ ಬರಸಿದ್ರಿ?"

ಸುಮೇಧಾ ತಲೆ ತಗ್ಗಿಸಿದಳು. "ತಪಾಸಣಿಯವ್ರಿಗೆ ಏನರ ತೋರಸಬೇಕಲ್ರಿ, ಕಾಕಾ…"

ಕಾವಲುಗಾರನ ಖಾಕಿ ಜಾಕೀಟು ಬಿಚ್ಚಿ ನಕ್ಷೆಯ ಮೇಲೆ ಒಗೆದು ದ್ಯಾಮಣ್ಣ ಹೊರಟ.

"ಚಹಾನರ ಕುಡದ ಹೋಗ್ರಿ!" ಸುಮೇಧಾ ಹಿಂದಿನಿಂದ ಕೂಗಿದಳು.

ಅವನು ಆಗಲೇ ಮೆಟ್ಟಿಲಿಳಿದಿದ್ದ. ಮರುದಿನದಿಂದ ಅವನ ಕುರಿಗಳು ಕೊರಕಲು ಬಿಟ್ಟು ದೂರದ ಹಾದಿ ಹಿಡಿದವು. ಆ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ.